ಮುಗಿಯದ ಮೂರನೇ ಶಿಫ್ಟು

ರಾಜಗೋಪಾಲನಗರದ ನಾಲ್ಕನೇ ಅಡ್ಡರಸ್ತೆಯಲ್ಲಿ ಎಷ್ಟು ಹೊತ್ತಿಗೆ ಬೆಳಗಾಗಬೇಕು ಎಂದು ತೀರ್ಮಾನಿಸುವ ಅಧಿಕಾರ ಮೊದಲಿನಿಂದಲೂ ಸೂರ್ಯನ ಕೈಯಲ್ಲೇ ಇತ್ತು. ಅದು ಕೃಷ್ಣಸ್ವಾಮಿಯವರ ಕೈಗೆ ಬಂದದ್ದು ಅವರು ನಿವೃತ್ತರಾದ ಮೇಲೆ.

ಕೃಷ್ಣಸ್ವಾಮಿ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಫೈನಲ್ ಇನ್‌ಸ್ಪೆಕ್ಷನ್ ಮಾಡಿದವರು. ಅಂದರೆ ಬೇರೆಯವರು ಮಾಡಿದ ಕೆಲಸವನ್ನು ತಿರುಗಿಸಿ ಮುರುಗಿಸಿ ನೋಡಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು. ನಿವೃತ್ತಿಯ ದಿನ ಕಾರ್ಖಾನೆಯವರು ಹಾರ, ಶಾಲು, ಗೋಡೆ ಗಡಿಯಾರ ಕೊಟ್ಟರು. ಉಳಿದ ಚೀಟಿಗಳ ಕಟ್ಟನ್ನು ಇವರೇ ಜೇಬಿಗೆ ಹಾಕಿಕೊಂಡು ಬಂದರು. ಮೊದಲ ವಾರದಲ್ಲೇ ಮನೆಯ ಮಿಕ್ಸಿಗೆ ಹಸಿರು, ಇಸ್ತ್ರಿಪೆಟ್ಟಿಗೆಗೆ ಹಸಿರು, ಹೆಂಡತಿ ವಾಸಂತಿ ಮಾಡಿದ ಉಪ್ಪಿಟ್ಟಿನ ಬಾಣಲೆಗೆ ಕೆಂಪು ಬಿತ್ತು. ಮಾರನೆಯ ಬೆಳಿಗ್ಗೆ ಆ ಕೆಂಪು ಚೀಟಿ ಅವರ ಕನ್ನಡಕದ ಗಾಜಿನ ಮೇಲಿತ್ತು. ಅಡುಗೆಮನೆಯ ಇನ್‌ಸ್ಪೆಕ್ಷನ್ ಅಲ್ಲಿಗೆ ಮುಗಿಯಿತು.

ಅಪ್ಪನಿಗೆ ಹೊತ್ತು ಹೋಗಲಿ, ಅಮ್ಮನಿಗೆ ನೆಮ್ಮದಿ ಸಿಗಲಿ ಎಂದು ಮಗಳು ಸುಕೃತಿ ಒಂದು ಉಡುಗೊರೆ ತಂದಳು. ಅವಳು ಎಲ್‌ಇಡಿ ದೀಪ ಮಾಡುವ ಕಂಪನಿಯೊಂದರಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಾಳೆ, ಮದುವೆಯಾಗಿ ಚಂದಾಪುರದಲ್ಲಿದ್ದಾಳೆ. ರಾಜಗೋಪಾಲನಗರಕ್ಕೂ ಚಂದಾಪುರಕ್ಕೂ ನಡುವೆ ಇರುವ ಟ್ರಾಫಿಕ್ಕಿನಲ್ಲಿ ಹೋಗಿಬರುವುದಕ್ಕಿಂತ ಕಾಶಿಗೆ ಹೋಗಿಬರುವುದು ಸುಲಭವಾದ್ದರಿಂದ ಆಮೇಲೆ ಅವಳು ಬಹುಪಾಲು ಫೋನಿನಲ್ಲೇ ವಾಸವಾಗಿದ್ದಳು. ಅವಳು ತಂದದ್ದು ಐದು ಬಲ್ಬು, ಅವನ್ನೆಲ್ಲ ಆಳುವ ಒಂದು ಬಿಳಿ ಡಬ್ಬಿ, ಮತ್ತು ನೆಲ್ಲಿಕಾಯಿ ಗಾತ್ರದ ಒಂದು ಸೆನ್ಸರ್. ಡಬ್ಬಿ ಟಿವಿಯ ಪಕ್ಕದ ಗಣಪತಿಯ ಬಳಿ ಕೂತಿತು. ಸೆನ್ಸರ್ ಮಹಡಿಯ ಪ್ಯಾರಪೆಟ್ ಗೋಡೆಯ ಮೇಲೆ ಕೂತಿತು. ಅದರ ಕಣ್ಣಿಗೆ ಬೆಳಕು ಬಿದ್ದರೆ ಡಬ್ಬಿ ಹಗಲು ಎಂದು ತಿಳಿಯುತ್ತದೆ, ಬೀಳದಿದ್ದರೆ ಕತ್ತಲೆ ಎಂದು ತಿಳಿಯುತ್ತದೆ. ಅಷ್ಟೇ ಅದರ ಕೆಲಸ.

ಅಷ್ಟಕ್ಕೇ ಬಿಟ್ಟಿದ್ದರೆ ಕಥೆಯೂ ಅಷ್ಟಕ್ಕೇ ಮುಗಿಯುತ್ತಿತ್ತು. ಕೃಷ್ಣಸ್ವಾಮಿಯವರು ಫೋನಿನಲ್ಲಿ ಒತ್ತಿ ಒತ್ತಿ ಆ ಡಬ್ಬಿಗೆ ಶಿಫ್ಟ್ ಪದ್ಧತಿ ಕಲಿಸಿದರು. ಬೆಳಕು ಕಂಡ ಕೂಡಲೇ ಮೊದಲ ಶಿಫ್ಟು: ಒಳಗಿನ ದೀಪಗಳೆಲ್ಲ ಝಗ್ಗನೆ ಹೊತ್ತಬೇಕು, ಜೊತೆಗೆ ಸೈರನ್. ಸಂಜೆ ಕತ್ತಲಾದಾಗ ಎರಡನೇ ಶಿಫ್ಟು: ಗೇಟಿನ ದೀಪ, ಮೆಟ್ಟಿಲ ದೀಪ. ರಾತ್ರಿ ಹತ್ತಕ್ಕೆ ಮೂರನೇ ಶಿಫ್ಟು: ಹೊರಗಿನ ದೀಪ ಇರಲಿ, ಒಳಗಿನದೆಲ್ಲ ಆರಬೇಕು. ಯಾರಾದರೂ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದ ಪುಟ್ಟ ಗುಂಡಿ ಒತ್ತಿ ಹಾಕಿಕೊಂಡರೆ ಎರಡು ನಿಮಿಷ, ಆಮೇಲೆ ತಾನಾಗಿ ಆರುತ್ತದೆ. ಸಂಜೆ ಬಿಟ್ಟು ಬೇರೆ ಯಾವ ಹೊತ್ತಿನಲ್ಲಿ ಕತ್ತಲಾದರೂ ಅದು ನೇರವಾಗಿ ಮೂರನೇ ಶಿಫ್ಟೇ. ಮತ್ತು ಮೂರನೇ ಶಿಫ್ಟು ಮುಗಿಯುವುದು ಮಹಡಿಯ ಕಣ್ಣು ಬೆಳಕು ಕಂಡಾಗ ಮಾತ್ರ. ಗೋಡೆಯ ಸ್ವಿಚ್ಚುಗಳನ್ನು ಆರಿಸಿದರೆ ಬಲ್ಬು ಡಬ್ಬಿಯ ಕೈತಪ್ಪಿ ಹೋಗುತ್ತದಾದ್ದರಿಂದ ಅವಕ್ಕೆಲ್ಲ ಟೇಪು ಸುತ್ತಲಾಯಿತು. ಕೋಣೆಯಿಂದ ಹೊರಬರುವಾಗ ಸ್ವಿಚ್ ಆರಿಸುವುದು ವಾಸಂತಿಯವರ ಕೈಗೆ ಮೂವತ್ತು ವರ್ಷದ ಅಭ್ಯಾಸ. ಟೇಪು ಸುತ್ತಿದ ದಿನ ಅವರು ಗಂಡನಿಗೆ ಒಂದೇ ಮಾತು ಹೇಳಿದರು. ಇದು ಒಂದೇ ಒಂದು ಸಲ ಕೈಕೊಟ್ಟರೂ ಸಾಕು, ಎಲ್ಲ ಗುಜರಿಗೆ, ಹಳೇ ಟ್ಯೂಬ್‌ಲೈಟು ವಾಪಸ್ ಗೋಡೆಗೆ.

ಈ ಹೊತ್ತಿಗೆ ಸರಿಯಾಗಿ ಗೋಪಾಲಪ್ಪನವರು ಬಂದರು.

ಗೋಪಾಲಪ್ಪನವರ ತಾತನ ಕಾಲಕ್ಕೆ ಈ ಅಡ್ಡರಸ್ತೆ ಅವರ ರಾಗಿ ಹೊಲ. ಈಗ ಅಲ್ಲಿ ಅವರ ಮೂರು ಮಹಡಿಯ ಬಾಡಿಗೆ ಕಟ್ಟಡ ನಿಂತಿದೆ, ಹನ್ನೆರಡು ಕೋಣೆ. ಅದಕ್ಕೂ ಅಕ್ಕಪಕ್ಕದ ಕಟ್ಟಡಗಳಿಗೂ ನಡುವೆ ಒಂದು ಹಲ್ಲಿ ಹೋದರೆ ಎದುರಿನಿಂದ ಬರುವ ಹಲ್ಲಿ ಕಾಯಬೇಕು, ಅಷ್ಟು ಜಾಗ. ಒಳಗೆ ಮಧ್ಯಾಹ್ನ ಹನ್ನೆರಡಕ್ಕೂ ದೀಪ ಬೇಕು. ಬಾಡಿಗೆಗಿದ್ದವರ ಕಾರ್ಖಾನೆ ಬೇರೆ ಕಡೆ ಹೋದ ಮೇಲೆ ಕಟ್ಟಡ ಐದು ತಿಂಗಳಿಂದ ಖಾಲಿ. ಟು-ಲೆಟ್ ಬೋರ್ಡು ಬಿಸಿಲಿಗೆ ಬಿಳಚಿ ಬರೀ ಬೋರ್ಡಾಗಿ ಉಳಿದಿತ್ತು. ಈಗ ಬೇರಿಂಗ್ ಮಾಡುವ ಕಂಪನಿಯೊಂದು ತನ್ನ ಇಪ್ಪತ್ನಾಲ್ಕು ಹುಡುಗರಿಗೆ ಇಡೀ ಕಟ್ಟಡ ಹುಡುಕುತ್ತಿದೆಯೆಂದು ಬ್ರೋಕರ್ ಮುತ್ತಣ್ಣ ಸುದ್ದಿ ತಂದಿದ್ದ. ಕಂಪನಿಯ ಅಧಿಕಾರಿ ಪ್ರಸನ್ನ ಎನ್ನುವವರು ಶನಿವಾರ ಬಂದು ನೋಡುತ್ತಾರೆ. ಈಗಾಗಲೇ ಎರಡು ಕಟ್ಟಡ ನೋಡಿ ಬೇಡ ಎಂದಿದ್ದಾರೆ. ಕಾರಣ ಕೇಳಿದ್ದಕ್ಕೆ ಮುತ್ತಣ್ಣ ಹೇಳಿದ್ದು, ಬೆಳಕಿನ ವಿಷಯಕ್ಕೇ ಬೇಡ ಅಂದರಂತೆ, ಮನುಷ್ಯ ಬೆಳಕಿನ ವಿಷಯದಲ್ಲಿ ಬಹಳ ಸ್ಟ್ರಿಕ್ಟಂತೆ.

ಗೋಪಾಲಪ್ಪನವರು ಇದರ ಅರ್ಥವನ್ನು ಯಾರನ್ನೂ ಕೇಳಲಿಲ್ಲ. ನೇರ ಕೃಷ್ಣಸ್ವಾಮಿಯವರ ಜಗುಲಿಗೆ ಬಂದು ಕೂತರು.

"ಸಾಮೇರೆ, ನಿಮ್ಮನೇಲಿ ತಾನೇ ಅತ್ಕತದಲ್ಲ ಲೈಟು, ಅದ್ನ ನಮ್ ಬಿಲ್ಡಿಂಗ್‌ಗೂ ಎಳ್ದುಬುಡಿ. ಬೆಳ್ಕು ಅಂದ್ರೆ ಇಂಗಿರ್ಬೇಕು ಅನ್ನಂಗಿರ್ಲಿ."

"ಎಳೆಯೋದಲ್ಲ ಗೋಪಾಲಪ್ಪೋರೆ. ಇದಕ್ಕೆ ವೈರ್ ಇರಲ್ಲ."

"ವೈರೇ ಇಲ್ವಾ? ಇನ್ನೂ ಒಳ್ಳೇದಾಯ್ತು. ಇಲಿ ಕಡಿಯಂಗಿಲ್ಲ."

ನಿವೃತ್ತರಾದ ಒಂದು ವರ್ಷದಲ್ಲಿ ಕೃಷ್ಣಸ್ವಾಮಿಯವರನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವರು ಆ ಸಂತೋಷದಲ್ಲಿ ಗ್ಯಾರಂಟಿ ಕೊಟ್ಟುಬಿಟ್ಟರು. ಒಳಗೆ ಕಾಫಿ ಸೋಸುತ್ತಿದ್ದ ವಾಸಂತಿ ಗ್ಯಾರಂಟಿ ಎಂಬ ಶಬ್ದ ಕೇಳಿ ಒಂದು ಕ್ಷಣ ಸೋಸುವುದನ್ನು ನಿಲ್ಲಿಸಿದರು. ಹೊರಗೆ ಬಂದು ಲೋಟ ಕೊಡುತ್ತ ಗಂಡನಿಗೆ ಮಾತ್ರ ಕೇಳುವಂತೆ, ಆ ಕಟ್ಟಡದ ಬಾಡಿಗೆ ಕೈಬಿಟ್ಟು ಹೋದರೆ ಗುಜರಿಯವನನ್ನು ತಾವೇ ಕರೆಯುವುದಾಗಿ ಹೇಳಿದರು.

ವಿಸ್ತರಣಾ ಕಾರ್ಯ ಮೂರು ದಿನ ನಡೆಯಿತು. ಈ ಬಲ್ಬುಗಳಲ್ಲಿ ಒಂದು ಸೌಕರ್ಯವಿದೆ. ಒಂದು ಬಲ್ಬು ಪಕ್ಕದ ಬಲ್ಬಿಗೆ ಸುದ್ದಿ ಹೇಳುತ್ತದೆ, ಅದು ಅದರ ಪಕ್ಕದ್ದಕ್ಕೆ. ಟ್ಯಾಂಕರ್ ಬಂದಾಗ ನಾವು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ. ಆದರೆ ಕೃಷ್ಣಸ್ವಾಮಿಯವರ ಮನೆಗೂ ಅದರ ಎದುರಿಗಿರುವ ಗೋಪಾಲಪ್ಪನವರ ಕಟ್ಟಡಕ್ಕೂ ನಡುವೆ ಒಂದು ಖಾಲಿ ಸೈಟು, ಅದರಲ್ಲಿ ಗೋಪಾಲಪ್ಪನವರ ಮನೆದೇವರು ಮುನೇಶ್ವರನ ಪುಟ್ಟ ಗುಡಿ. ಕೊಡ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಗುಡಿಯಲ್ಲೇ ಒಂದು ಬಲ್ಬು ಹಾಕಲು ಅಪ್ಪಣೆ ಬೇಕೆಂದು ಕೃಷ್ಣಸ್ವಾಮಿ ಗೋಪಾಲಪ್ಪನವರ ಹೆಂಡತಿ ಗೌರಮ್ಮನವರನ್ನು ಕೇಳಿದರು. ದೇವರ ಮುಂದೆ ದೀಪ ಇಡುತ್ತೇನೆಂದರೆ ಬೇಡ ಎನ್ನುವ ಗೃಹಿಣಿ ಇನ್ನೂ ಹುಟ್ಟಿಲ್ಲ. ಅಂದಿನಿಂದ ಕೃಷ್ಣಸ್ವಾಮಿಯವರ ಆಜ್ಞೆಗಳೆಲ್ಲ ಮುನೇಶ್ವರನ ಮೂಲಕವೇ ಕಟ್ಟಡಕ್ಕೆ ಹೋಗತೊಡಗಿದವು. ಹನ್ನೆರಡು ಕೋಣೆಗೆ ಹನ್ನೆರಡು ಬಲ್ಬು, ಹನ್ನೆರಡು ಗುಂಡಿ, ಮೆಟ್ಟಿಲಿಗೆ ಮೂರು ಬಲ್ಬು, ಗೇಟಿಗೆ ಎರಡು, ಮೆಟ್ಟಿಲ ತಲೆಗೆ ಒಂದು ಸೈರನ್. ಸ್ವಿಚ್ಚುಗಳಿಗೆಲ್ಲ ಟೇಪು, ಪ್ರತಿಯೊಂದಕ್ಕೂ ಹಸಿರು ಚೀಟಿ. ಮಂಗಳವಾರ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಸೂರ್ಯ ಹುಟ್ಟಿದ, ಸೈರನ್ ಕೂಗಿತು, ಹನ್ನೆರಡು ಖಾಲಿ ಕೋಣೆಗಳಲ್ಲಿ ದೀಪ ಝಗ್ಗೆಂದಿತು. ಗೋಪಾಲಪ್ಪನವರು ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲೇ ಇಟ್ಟುಕೊಂಡು ಕೈ ಮುಗಿದರು.

ಬುಧವಾರ ಆಯುಧಪೂಜೆ.

ಪೀಣ್ಯದ ಸುತ್ತಮುತ್ತ ಬದುಕಿದವರಿಗೆ ಆಯುಧಪೂಜೆ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಅವತ್ತು ಲೇತಿನಿಂದ ಹಿಡಿದು ಸ್ಪ್ಯಾನರ್‌ವರೆಗೆ ಎಲ್ಲಕ್ಕೂ ಸ್ನಾನ, ಗಂಧ, ಕುಂಕುಮ, ಹೂವು, ಕುಂಬಳಕಾಯಿ. ಪೂಜೆಗೆ ಇಟ್ಟ ಸಾಮಾನನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಇಟ್ಟ ಬೊಟ್ಟನ್ನು ಕೈಯಾರೆ ಒರೆಸುವಂತಿಲ್ಲ, ಅದು ತಾನಾಗಿ ಹೋಗಬೇಕು. ಕೃಷ್ಣಸ್ವಾಮಿಯವರು ಮೂವತ್ತೊಂದು ವರ್ಷ ತಮ್ಮ ಅಳತೆಯ ಉಪಕರಣಗಳಿಗೆ ಹೀಗೆಯೇ ಪೂಜೆ ಮಾಡಿದವರು. ಈ ಸಲವೂ ಬೆಳಿಗ್ಗೆ ಮಡಿಯುಟ್ಟು, ಸ್ಕ್ರೂಡ್ರೈವರುಗಳನ್ನು ಸಾಲಾಗಿ ಜೋಡಿಸಿ, ಡಬ್ಬಿಗೆ ಸೇವಂತಿಗೆ ಹಾರ ಹಾಕಿದರು. ಕೊನೆಗೆ ಹನ್ನೊಂದು ಗಂಟೆಯ ಒಳ್ಳೆಯ ಮುಹೂರ್ತದಲ್ಲಿ ಎರಡೂ ಮನೆಯವರು ಮಹಡಿ ಹತ್ತಿದರು. ಇಡೀ ಜಾಲದ ಮೂಲ ಅಲ್ಲಿರುವ ಸೆನ್ಸರ್ ತಾನೆ. ಕೃಷ್ಣಸ್ವಾಮಿ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪರೀಕ್ಷಿಸಿ, ಬುಡಕ್ಕೆ ಹಸಿರು ಚೀಟಿ ಅಂಟಿಸಿದರು. ಆಮೇಲೆ ತೇಯ್ದ ಗಂಧವನ್ನು ಬೆರಳ ತುಂಬ ತೆಗೆದು, ಭಕ್ತಿಯಿಂದ, ಅದರ ಕಣ್ಣಿನ ನಟ್ಟನಡುವೆ ಬಳಿದು, ಮೇಲೆ ರೂಪಾಯಿಯಗಲ ಕುಂಕುಮ ಒತ್ತಿದರು.

ಆರತಿ ಎತ್ತಿ ಒಂದು ನಿಮಿಷವಾಗಿರಬಹುದು. ಎದುರಿನ ಕಟ್ಟಡದ ಗೇಟಿನ ಎರಡೂ ದೀಪಗಳು ತಾವಾಗಿ ಹೊತ್ತಿಕೊಂಡವು.

ಗೌರಮ್ಮನವರು ಕೆನ್ನೆ ಕೆನ್ನೆ ಬಡಿದುಕೊಂಡು, ದೇವರು ಪೂಜೆ ಒಪ್ಪಿಕೊಂಡ ಎಂದರು. ಕೃಷ್ಣಸ್ವಾಮಿಯವರಿಗೂ ಹಾಗೆಯೇ ಅನ್ನಿಸಿತು. ಕೆಳಗೆ ಬಂದು ನೋಡಿದರೆ ಮನೆಯೊಳಗಿನ ದೀಪಗಳೆಲ್ಲ ಆರಿದ್ದವು. ಗುಂಡಿ ಒತ್ತಿದರೆ ಹೊತ್ತುತ್ತವೆ, ಎರಡು ನಿಮಿಷಕ್ಕೆ ಆರುತ್ತವೆ. ಡಬ್ಬಿ ಬಿಚ್ಚಿ ನೋಡೋಣವೆಂದರೆ ಸ್ಕ್ರೂಡ್ರೈವರುಗಳು ಹೂವಿನಡಿ ಮಲಗಿವೆ, ಅವತ್ತು ಮುಟ್ಟುವಂತಿಲ್ಲ. ವಾಸಂತಿ ಹಬ್ಬದಡುಗೆಯ ಹುರುಳಿಕಾಯನ್ನು ಎರಡೆರಡು ನಿಮಿಷದ ಕಂತಿನಲ್ಲಿ ಹೆಚ್ಚಿದರು. ಪ್ರತಿ ಕಂತಿನ ಕೊನೆಗೆ ಅಡುಗೆಮನೆಯಿಂದ ಚಾಕು ಕೆಳಗಿಡುವ ಸದ್ದು ಒಂದೊಂದು ಸಲಕ್ಕೂ ಒಂದಿಷ್ಟು ಜೋರಾಗುತ್ತ ಬಂತು.

ಗುರುವಾರ ಸೂರ್ಯ ಎಂದಿನಂತೆ ಹುಟ್ಟಿದ. ಸೈರನ್ ಕೂಗಲಿಲ್ಲ. ಮೊದಲ ಶಿಫ್ಟು ಶುರುವಾಗಲೇ ಇಲ್ಲ.

ಕೃಷ್ಣಸ್ವಾಮಿ ಚಂದಾಪುರಕ್ಕೆ ಫೋನು ಮಾಡಿದರು. ಸುಕೃತಿ ತನ್ನ ಫೋನಿನಲ್ಲೇ ಜಾಲವನ್ನು ತೆರೆದು ನೋಡಿ, ಸೆನ್ಸರ್ ನಿನ್ನೆ ಹನ್ನೊಂದು ಗಂಟೆಯಿಂದ ಬೆಳಕು ಸೊನ್ನೆ ಎಂದು ತೋರಿಸುತ್ತಿದೆ ಎಂದಳು.

"ಸೊನ್ನೆ ಹೇಗಮ್ಮ ಆಗುತ್ತೆ? ಇಲ್ಲಿ ಬಿಸಿಲಿಗೆ ತಲೆ ಸುಡ್ತಿದೆ."

"ಅದರ ಕಣ್ಣಿಗೆ ಏನಾದ್ರೂ ಅಡ್ಡ ಇದೆಯಾ ಅಪ್ಪ? ಎಲೆ, ಧೂಳು, ಪಾರಿವಾಳದ್ದು ಏನಾದ್ರೂ?"

"ಒಂದು ಚೂರು ಧೂಳಿಲ್ಲ. ನಾನೇ ಒರೆಸಿ, ಚೆಕ್ ಮಾಡಿ, ಓಕೆ ಮಾಡಿ, ಪೂಜೆ ಮಾಡಿದೀನಿ."

ಇದು ಸತ್ಯವಾಗಿತ್ತು. ಅವರು ಒರೆಸಿದ್ದರು, ನೋಡಿದ್ದರು, ಚೀಟಿ ಅಂಟಿಸಿದ್ದರು. ಹಸಿರು ಚೀಟಿ ಬಿದ್ದ ಮಾಲನ್ನು ಮತ್ತೆ ತಿರುಗಿಸಿ ನೋಡುವುದು ಅವರ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರಿಗೆ ಮಾಡುವ ಅವಮಾನ. ಇನ್ನು ಕುಂಕುಮವನ್ನು ಎಲೆ, ಧೂಳು, ಪಾರಿವಾಳದ್ದು ಎಂಬ ಪಟ್ಟಿಗೆ ಸೇರಿಸುವುದು ಅವರ ಮನಸ್ಸಿಗೆ ಸಾಧ್ಯವಿರಲಿಲ್ಲ. ಸುಕೃತಿ ಡಬ್ಬಿಯನ್ನು ಒಮ್ಮೆ ಆರಿಸಿ ಹಾಕಿ ಎಂದಳು. ಕೃಷ್ಣಸ್ವಾಮಿ ಹದಿನೇಳು ಸಲ ಆರಿಸಿ ಹಾಕಿದರು. ಫೋನಿನಿಂದ ಗೇಟಿನ ದೀಪ ಆರಿಸಿದರೂ ಮರುನಿಮಿಷ ಡಬ್ಬಿ ಅದನ್ನು ಮತ್ತೆ ಹೊತ್ತಿಸುತ್ತಿತ್ತು. ಗೋಡೆಯ ಸ್ವಿಚ್ಚಿನ ಟೇಪು ಬಿಚ್ಚುವುದೆಂದರೆ ಸೋಲು ಒಪ್ಪಿದಂತೆ, ಅದಕ್ಕೆ ಕೃಷ್ಣಸ್ವಾಮಿ ತಯಾರಿರಲಿಲ್ಲ; ಡಬ್ಬಿಯೂ ಸೋಲುವಂತಿರಲಿಲ್ಲ. ಇದು ರಾತ್ರಿ ಎನ್ನುವುದರಲ್ಲಿ ಅದಕ್ಕೆ ಯಾವ ಅನುಮಾನವೂ ಇರಲಿಲ್ಲ.

ಅಷ್ಟರಲ್ಲಿ ರಸ್ತೆ ಎಚ್ಚೆತ್ತಿತು. ನಮ್ಮ ಕಡೆ ಬೈಕಿನ ಸೈಡ್ ಸ್ಟ್ಯಾಂಡ್ ತೆಗೆಯದೆ ಹೋಗುವವನಿಗೆ ಇಡೀ ಊರೇ ಕೂಗಿ ಹೇಳುವ ಒಳ್ಳೆಯ ಸಂಪ್ರದಾಯವಿದೆ. ಹಾಡಹಗಲು ಉರಿಯುವ ದೀಪಕ್ಕೂ ಅದೇ ಮರ್ಯಾದೆ. ಹಾಲಿನವನು ಹೇಳಿದ, ಸೊಪ್ಪಿನವಳು ಹೇಳಿದಳು, ಫ್ಯಾಕ್ಟರಿ ಬಸ್ಸಿನ ಕಿಟಕಿಯಿಂದ ನಾಲ್ಕು ಜನ ಒಟ್ಟಿಗೆ ಹೇಳಿದರು. ಗೋಪಾಲಪ್ಪನವರು ಮಧ್ಯಾಹ್ನದವರೆಗೆ ಎಲ್ಲರಿಗೂ ಕೈಯೆತ್ತಿ ಉತ್ತರ ಕೊಟ್ಟು ಸೋತರು. ಆಗ ಕೃಷ್ಣಸ್ವಾಮಿ ಒಂದು ರಟ್ಟಿನ ಮೇಲೆ, 'ದೀಪ ಉರಿಯುತ್ತಿರುವುದು ನಮಗೆ ತಿಳಿದಿದೆ' ಎಂದು ಬರೆದು ಗೇಟಿಗೆ ನೇತುಹಾಕಿದರು. ಅಲ್ಲಿಯವರೆಗೆ ಹೇಳಿ ಮುಂದಕ್ಕೆ ಹೋಗುತ್ತಿದ್ದವರು ಈಗ ಗಾಡಿ ನಿಲ್ಲಿಸಿ ಒಳಗೆ ಬರತೊಡಗಿದರು. ತಿಳಿದಿದೆ ಎಂದಮೇಲೆ ಯಾಕೆ ಆರಿಸಿಲ್ಲ ಎಂದು ತಿಳಿಯದೆ ಅವರಿಗೆ ಮುಂದೆ ಹೋಗಲಾಗುತ್ತಿರಲಿಲ್ಲ.

ಶುಕ್ರವಾರ ಕರೆಂಟಿನ ಮೀಟರ್ ಓದಲು ಬಂದವನೂ ಅದನ್ನೇ ಕೇಳಿದ. ಕೃಷ್ಣಸ್ವಾಮಿ ಅವನಿಗೆ ಮೂರನೇ ಶಿಫ್ಟು ಇನ್ನೂ ಮುಗಿದಿಲ್ಲವೆಂದು ವಿವರಿಸಿದರು. ಅವನು ಹನ್ನೆರಡು ಖಾಲಿ ಕೋಣೆಗಳತ್ತ ನೋಡಿ, ಒಳಗೆ ಫ್ಯಾಕ್ಟರಿ ನಡೆಸುತ್ತಿದ್ದೀರಾ, ಲೈಸೆನ್ಸ್ ಇದೆಯಾ ಎಂದ. ಗೋಪಾಲಪ್ಪನವರು ಅವನನ್ನು ಹಬ್ಬದ ಹೋಳಿಗೆ ಕೊಟ್ಟು ಸಾಗಹಾಕಬೇಕಾಯಿತು.

ಅವತ್ತೇ ಗೌರಮ್ಮನವರು ಕಾರಣ ಕಂಡುಹಿಡಿದರು. ಬುಧವಾರ ದೀಪ ತಾನಾಗಿ ಹೊತ್ತಿದ್ದನ್ನು ಇಡೀ ಬೀದಿ ನೋಡಿದೆ, ನೋಡಿ ಹೊಟ್ಟೆ ಉರಿದುಕೊಂಡಿದೆ.

"ದೃಷ್ಟಿ ಆಗೈತೆ ವಾಸಂತಕ್ಕ. ಅದೂ ಕಣ್ಣಲ್ವಾ? ಕಣ್ಗೇ ಕಣ್ ಬಿದ್ದದೆ."

ಕೃಷ್ಣಸ್ವಾಮಿಯವರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಅವರ ಬಳಿ ಬೇರೆ ಯಾವ ಸಿದ್ಧಾಂತವೂ ಉಳಿದಿರಲಿಲ್ಲ. ಮತ್ತೆ ಎಲ್ಲರೂ ಮಹಡಿ ಹತ್ತಿದರು. ಗೌರಮ್ಮನವರು ಮಕ್ಕಳ ಕೆನ್ನೆಗೆ ಇಡುವ ದೃಷ್ಟಿಬೊಟ್ಟಿನ ಹಾಗೆ, ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಕುಂಕುಮದ ಮೇಲೆ ಧಾರಾಳವಾಗಿ ಒತ್ತಿದರು. ಗಂಧದ ಸಂದಿನಲ್ಲಿ ಒಂದು ಕೂದಲೆಳೆಯಷ್ಟು ಬೆಳಕು ಹೋಗುತ್ತಿದ್ದರೆ ಅದೂ ಅಲ್ಲಿಗೆ ಮುಗಿಯಿತು.

ಶನಿವಾರ ಬಂತು. ಹತ್ತೂ ಮುಕ್ಕಾಲಿಗೆ ಕೃಷ್ಣಸ್ವಾಮಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ಪೆನ್ನು ಮತ್ತು ಚೀಟಿಗಳ ಕಟ್ಟು ಇಟ್ಟುಕೊಂಡು ಗೇಟಿನ ಬಳಿ ನಿಂತರು. ಅವರೊಂದು ಉಪಾಯ ಮಾಡಿದ್ದರು. ಗುಂಡಿ ಒತ್ತಿದರೆ ದೀಪ ಎರಡು ನಿಮಿಷ ಇರುತ್ತದೆ. ಒಂದು ಕೋಣೆಯನ್ನು ಒಂದೂಮುಕ್ಕಾಲು ನಿಮಿಷದಲ್ಲಿ ತೋರಿಸಿ ಹೊರಡಿಸಿಬಿಟ್ಟರೆ ಸಾಕು. ಗೋಪಾಲಪ್ಪನವರು ಮಾತಾಡುತ್ತ ಮುಂದೆ ನಡೆಯಬೇಕು, ಕೃಷ್ಣಸ್ವಾಮಿ ಓಡಿಹೋಗಿ ಮುಂದಿನ ಕೋಣೆಯ ಗುಂಡಿ ಒತ್ತಬೇಕು. ವಾಸಂತಿಯವರು ಎದುರಿಗೆ ತಮ್ಮ ಮನೆಯ ಜಗುಲಿಯಲ್ಲಿ ನಿಂತಿದ್ದರು. ಅವರ ಪಕ್ಕದಲ್ಲಿ ಹಳೆಯ ಟ್ಯೂಬ್‌ಲೈಟಿನ ಪಟ್ಟಿ ಧೂಳೊರೆಸಿಕೊಂಡು ಗೋಡೆಗೆ ಒರಗಿತ್ತು.

ಪ್ರಸನ್ನ ಬಂದರು. ಮೂವತ್ತೈದರ ಮನುಷ್ಯ, ಕಣ್ಣು ಕೆಂಪಗೆ, ನಿದ್ದೆ ಕಂಡು ವಾರವಾದವರಂತೆ ಇದ್ದರು. ಉರಿಯುತ್ತಿದ್ದ ಗೇಟಿನ ದೀಪವನ್ನು ನೋಡಿ, ರಟ್ಟಿನ ಬೋರ್ಡನ್ನು ಓದಿ, ಒಳಗೆ ನಡೆದರು. ಮೊದಲನೆಯ ಕೋಣೆ ಒಂದೂವರೆ ನಿಮಿಷದಲ್ಲಿ ಮುಗಿಯಿತು. ಎರಡನೆಯದೂ ಮುಗಿಯಿತು. ಮೂರನೆಯದರಲ್ಲಿ ಗೋಪಾಲಪ್ಪನವರು ಅವರನ್ನು ಹೆಚ್ಚುಕಡಿಮೆ ಬೆನ್ನಿಗೆ ಕೈಹಚ್ಚಿ ಹೊರಗೆ ತಂದರು. ನಾಲ್ಕನೆಯ ಕೋಣೆಯಲ್ಲಿ ಪ್ರಸನ್ನರ ಫೋನು ಬಡಿದುಕೊಂಡಿತು. ಅವರು ಅಲ್ಲಿದ್ದ ಕಬ್ಬಿಣದ ಮಂಚದ ಮೇಲೆ ಕೂತು, ಯಾರ ಬಳಿಯೋ ಯಾರು ಯಾರಿಗೆ ಹೊಡೆದರು ಎಂಬ ವಿಷಯವಾಗಿ ಮಾತಾಡತೊಡಗಿದರು. ಗೋಪಾಲಪ್ಪನವರು ಮುಂದಿನ ಕೋಣೆ ಇನ್ನೂ ಚೆನ್ನಾಗಿದೆಯೆಂದು ಎರಡು ಸಲ ಹೇಳಿದರು. ಕೃಷ್ಣಸ್ವಾಮಿ ಗುಂಡಿಯತ್ತ ಜಾರಿದರು. ಪ್ರಸನ್ನ ಮಾತಾಡುತ್ತಲೇ ಎದ್ದು ಅದೇ ಗೋಡೆಗೆ, ಸರಿಯಾಗಿ ಆ ಗುಂಡಿಗೇ ಅಡ್ಡವಾಗಿ, ಭುಜ ಒರಗಿಸಿ ನಿಂತರು.

ದೀಪ ಆರಿತು.

ಹನ್ನೊಂದೂಕಾಲರ ಹಗಲಿನಲ್ಲಿ ಆ ಕೋಣೆ ಎಷ್ಟು ಕತ್ತಲಾಯಿತೆಂದರೆ ಮೂವರಿಗೂ ಪರಸ್ಪರ ಉಸಿರಿನಿಂದ ಮಾತ್ರ ಗುರುತು ಸಿಗುತ್ತಿತ್ತು. ಪ್ರಸನ್ನ ಫೋನು ಇಟ್ಟರು.

"ಏನ್ ಸಾರ್, ಕರೆಂಟ್ ಹೋಯ್ತಾ?"

ಹೌದು ಎಂದುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮೂವತ್ತೊಂದು ವರ್ಷ ಫೈನಲ್ ಇನ್‌ಸ್ಪೆಕ್ಷನ್ ಮಾಡಿದ ನಾಲಿಗೆ ಅದು.

"ಇಲ್ಲ ಸಾರ್. ಮೂರನೇ ಶಿಫ್ಟ್ ನಡೀತಿದೆ."

"ಅಂದ್ರೆ?"

"ಒಳಗಿನ ಲೈಟ್ ಎರಡು ನಿಮಿಷಕ್ಕೆ ಆಫ್ ಆಗುತ್ತೆ."

"ಹುಡುಗ್ರು ಮತ್ತೆ ಹಾಕ್ಕೊಂಡ್ರೆ?"

"ಮತ್ತೆ ಆಫ್ ಆಗುತ್ತೆ."

"ಸ್ವಿಚ್ಚು?"

"ಟೇಪ್ ಹಾಕಿ ಸೀಲ್ ಮಾಡಿದೀನಿ."

"ಎಷ್ಟೊತ್ತಿನವರೆಗೆ ಹೀಗೆ?"

"ನಾಲ್ಕು ದಿನದಿಂದ ಹೀಗೇ ಇದೆ ಸಾರ್," ಎಂದರು ಕೃಷ್ಣಸ್ವಾಮಿ. ಅವರ ದನಿ ಸಣ್ಣದಾಗಿತ್ತು. ಪಕ್ಕದಲ್ಲಿ ಗೋಪಾಲಪ್ಪನವರು ಮಂಚದ ಮೇಲೆ ಕುಸಿದು ಕೂತ ಕಿರ್ರ್ ಸದ್ದು ಕೇಳಿಸಿತು.

ಆಮೇಲೆ ಕತ್ತಲೆಯೊಳಗಿನಿಂದ ಪ್ರಸನ್ನ ನಿಧಾನವಾಗಿ ಹೇಳಿಕೊಂಡರು. ಅವರ ಇಪ್ಪತ್ನಾಲ್ಕು ಹುಡುಗರೂ ಕಾಯಂ ರಾತ್ರಿ ಪಾಳಿಯವರು. ಬೆಳಿಗ್ಗೆ ಆರಕ್ಕೆ ಬಂದು ಮಲಗಬೇಕು. ಒಬ್ಬ ತಿಂಡಿ ತಿನ್ನಲು ಲೈಟು ಹಾಕುತ್ತಾನೆ, ಇನ್ನೊಬ್ಬ ಚಾರ್ಜರ್ ಹುಡುಕಲು ಹಾಕುತ್ತಾನೆ, ಮೂರನೆಯವನು ಎದ್ದು ಚಪ್ಪಲಿ ಎಸೆಯುತ್ತಾನೆ. ಈಗ ಬಂದ ಫೋನೂ ಅದೇ. ನಿದ್ದೆಗೆಟ್ಟ ಹುಡುಗರು ಮಾಡಿದ ಬೇರಿಂಗು ಅರ್ಧಕ್ಕರ್ಧ ರಿಜೆಕ್ಟ್ ಆಗುತ್ತಿದೆ. ಎರಡು ಕಟ್ಟಡ ನೋಡಿದರೆ ಎರಡರಲ್ಲೂ ದೊಡ್ಡ ದೊಡ್ಡ ಕಿಟಕಿ, ಗಾಳಿ ಬೆಳಕು ಧಾರಾಳ. ಬೆಳಕು ಜಾಸ್ತಿ ಆಯಿತು ಎಂದು ಬಿಟ್ಟುಬಂದರಂತೆ.

"ಈ ಏರಿಯಾದಲ್ಲಿ ಇಂಥಾ ಕತ್ತಲೆ ನಾನು ಎಲ್ಲೂ ನೋಡಿಲ್ಲ ಸಾರ್. ಒಂದೇ ಡೌಟು. ಇದು ಗ್ಯಾರಂಟಿ ಇರುತ್ತಾ? ನಾಳೆ ಕೆಟ್ಟುಹೋಗಿ ಲೈಟ್ ಉರಿಯೋಕೆ ಶುರುವಾದ್ರೆ?"

ಕೃಷ್ಣಸ್ವಾಮಿಯವರ ವೃತ್ತಿಜೀವನದಲ್ಲಿ ಇಂಥ ಘಳಿಗೆ ಬಂದಿರಲಿಲ್ಲ. ಕೆಟ್ಟಿರುವ ವಸ್ತುವನ್ನು ಕೆಡುವುದಿಲ್ಲವೆಂದು ಪಾಸು ಮಾಡಬೇಕು. ಅವರು ಜೇಬಿಗೆ ಕೈಹಾಕಿ, ಕಟ್ಟಿನಿಂದ ಕೈಗೆ ಸಿಕ್ಕ ಚೀಟಿ ಕಿತ್ತು, ತಡವರಿಸಿ ಬಾಗಿಲಿಗೆ ಅಂಟಿಸಿದರು. ಬಣ್ಣ ಯಾವುದೆಂದು ಅವರಿಗೂ ಗೊತ್ತಿರಲಿಲ್ಲ. ಪ್ರಸನ್ನ ಗೋಡೆಯಿಂದ ಸರಿಯುವಾಗ ಮೊಣಕೈ ತಾಗಿ ಗುಂಡಿ ಒತ್ತಿಕೊಂಡಿತು, ದೀಪ ಬಂತು. ಚೀಟಿ ಹಸಿರಾಗಿತ್ತು.

ಸೋಮವಾರ ಕರಾರುಪತ್ರವಾಯಿತು. ಈಗಿರುವ ದೀಪದ ವ್ಯವಸ್ಥೆಯನ್ನು ಮಾಲೀಕರು ಯಾವ ಕಾರಣಕ್ಕೂ ದುರಸ್ತಿ ಮಾಡತಕ್ಕದ್ದಲ್ಲ ಎಂಬ ಷರತ್ತನ್ನು ಪ್ರಸನ್ನ ಎರಡು ಸಲ ಓದಿಸಿದರು. ಹುಡುಗರು ಬಂದರು, ಮಲಗಿದರು, ಚಪ್ಪಲಿಗಳು ಕಾಲಿಗೆ ಮರಳಿದವು. ನಾಲ್ಕನೇ ಅಡ್ಡರಸ್ತೆ ಕೃಷ್ಣಸ್ವಾಮಿಯವರನ್ನು ಹಗಲಿನಲ್ಲಿ ರಾತ್ರಿ ಮಾಡಬಲ್ಲ ಮನುಷ್ಯನೆಂದು ಗೌರವದಿಂದ ನೋಡತೊಡಗಿತು. ಮುತ್ತಣ್ಣ ಇನ್ನೆರಡು ಕಟ್ಟಡಗಳಿಗೆ ಇಂಥದೇ ಕತ್ತಲೆ ಕೇಳುತ್ತಿದ್ದಾರೆಂದು ಬಂದು ಹೇಳಿದ.

ವಾಸಂತಿಯವರು ಮಾತ್ರ ಕಟ್ಟಡದ ವಿಷಯ ಕಟ್ಟಡಕ್ಕೆ, ಮನೆಯ ವಿಷಯ ಮನೆಗೆ ಎಂದರು. ಗುಜರಿಯವನನ್ನು ಕರೆಯಲಿಲ್ಲ, ಎಲೆಕ್ಟ್ರಿಷಿಯನ್ನನ್ನು ಕರೆದರು. ಐದೂ ಬಲ್ಬು ಇಳಿದವು, ಟೇಪು ಹೋಯಿತು, ಟ್ಯೂಬ್‌ಲೈಟು ಗೋಡೆಗೇರಿತು. ಹೀಗೆ ಕೃಷ್ಣಸ್ವಾಮಿಯವರ ಜಾಲ ಎಷ್ಟು ವಿಸ್ತಾರವಾಯಿತೆಂದರೆ ಕೊನೆಗೆ ಅವರ ಮನೆಯೊಂದೇ ಅದರಿಂದ ಹೊರಗುಳಿಯಿತು. ಡಬ್ಬಿ ಗಣಪತಿಯ ಪಕ್ಕ, ಸೆನ್ಸರ್ ಮಹಡಿಯ ಮೇಲೆ, ಎರಡೂ ಇದ್ದಲ್ಲೇ ಉಳಿದು ಮುನೇಶ್ವರನ ಮೂಲಕ ಕಟ್ಟಡವನ್ನು ಆಳುತ್ತಿದ್ದವು.

ಹತ್ತು ದಿನ ಕಳೆಯಿತು. ಒಂದು ಸಂಜೆ ಪೀಣ್ಯದ ಕಡೆಯಿಂದ ಎದ್ದ ಮೋಡ ರಾಜಗೋಪಾಲನಗರದ ಮೇಲೆ ಎರಡು ಗಂಟೆ ಹೊತ್ತು ಸುರಿಯಿತು.

ಮಾರನೆಯ ಬೆಳಿಗ್ಗೆ ಆರೂ ಇಪ್ಪತ್ತೆಂಟಕ್ಕೆ ಸೈರನ್ ಕೂಗಿತು. ಆಗತಾನೆ ಮಗ್ಗುಲಾಗಿದ್ದ ಇಪ್ಪತ್ನಾಲ್ಕು ಜನ ಲುಂಗಿ, ಚಡ್ಡಿಗಳಲ್ಲಿ ದಿಂಬು ಹಿಡಿದುಕೊಂಡು ಮೆಟ್ಟಿಲ ಮೇಲೆ ಬಂದು ನಿಂತರು. ಅವರ ಹಿಂದೆ ಹನ್ನೆರಡು ಕೋಣೆಗಳೂ ಮದುವೆಮನೆಯ ಹಾಗೆ ಹೊಳೆಯುತ್ತಿದ್ದವು. ಗೋಪಾಲಪ್ಪನವರು ಬನಿಯನ್ನಿನಲ್ಲೇ ಓಡಿಬಂದು ಕೃಷ್ಣಸ್ವಾಮಿಯವರ ಬಾಗಿಲು ಬಡಿದರು.

"ಸಾಮೇರೆ, ಬಿಲ್ಡಿಂಗಲ್ಲಿ ಬೆಳ್ಕಾಗ್ಬುಟ್ಟದೆ. ಎಗ್ರಿಮೆಂಟಲ್ಲಿ ಇದು ಇಲ್ಲ. ಆ ಯಪ್ಪಂಗೆ ಫೋನ್ ಓಗದ್ರೊಳ್ಗೆ ಏನಾರ ಮಾಡಿ."

ಕೃಷ್ಣಸ್ವಾಮಿ ಮಹಡಿ ಹತ್ತಿದರು. ಸೆನ್ಸರಿನ ಬುಡದಲ್ಲಿ ಹಸಿರು ಚೀಟಿ ಹಾಗೇ ಇತ್ತು, ಕಾರ್ಖಾನೆಯ ಅಂಟು. ಅದರ ಕಣ್ಣು ಮಾತ್ರ ತೊಳೆದ ದ್ರಾಕ್ಷಿಯ ಹಾಗೆ ಫಳಫಳ ಎನ್ನುತ್ತಿತ್ತು. ಕೆಳಗೆ ಗೋಡೆಯುದ್ದಕ್ಕೂ ಕೆಂಪು, ಕಪ್ಪು, ಗಂಧದ ಬಣ್ಣದ ಮೂರು ಧಾರೆ ಹರಿದು ಒಣಗಿದ್ದವು. ಅವರು ಧಾರೆ ನೋಡಿದರು, ಕಣ್ಣು ನೋಡಿದರು, ತಮ್ಮ ಬೆರಳು ನೋಡಿಕೊಂಡರು. ಆಮೇಲೆ ಅಂಗೈಯನ್ನು ಕವುಚಿ ಆ ಕಣ್ಣನ್ನು ಮುಚ್ಚಿದರು.

ಒಂದು ನಿಮಿಷಕ್ಕೆ ಎದುರಿನ ಕಟ್ಟಡ ಕತ್ತಲಾಯಿತು. ಮೆಟ್ಟಿಲ ಮೇಲಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಪರೀಕ್ಷೆಗೆಂದು ಕೃಷ್ಣಸ್ವಾಮಿ ಕೈ ತೆಗೆದರು. ಸೈರನ್ ಕೂಗಿತು, ಹನ್ನೆರಡು ಕೋಣೆಗಳಿಂದ ಒಂದೇ ಬೈಗುಳ ಹೊರಟಿತು. ಅವರು ಥಟ್ಟನೆ ಕೈಯನ್ನು ಮತ್ತೆ ಅಲ್ಲೇ ಇಟ್ಟರು. ಇನ್ನು ಆ ಕೈ ತೆಗೆಯುವಂತಿರಲಿಲ್ಲ. ಹಾಗೆಯೇ ಬಾಗಿ ನಿಂತು ಕೆಳಗೆ ಕೂಗಿದರು.

"ವಾಸಂತೀ, ಕುಂಕುಮದ ಭರಣಿ ತಗೊಂಡ್ ಬಾ."

"ಇವತ್ತು ಯಾವ ಪೂಜೆ ರೀ?"

"ಪೂಜೆ ಅಲ್ಲ. ಮೇಂಟೆನೆನ್ಸು." ಒಂದು ಕ್ಷಣ ಯೋಚಿಸಿ ಸೇರಿಸಿದರು, "ಕಾಡಿಗೆನೂ ತಾ. ಹರಳೆಣ್ಣೆಯಲ್ಲಿ ಕಲಸಿ."

ವಾಸಂತಿ ತಟ್ಟೆ ಹಿಡಿದು ಮೇಲೆ ಬಂದರು. ಗೋಡೆಯ ಮೇಲಿನ ಮೂರು ಧಾರೆಗಳನ್ನು ನೋಡಿದರು, ಗಂಡ ಅಂಗೈ ಕವುಚಿಕೊಂಡು ನಿಂತಿರುವುದನ್ನು ನೋಡಿದರು. ಅವರಿಗೆ ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ.

"ಆರು ದಿನ," ಎಂದರು. "ಆರು ದಿನ ನಾನು ಕತ್ತಲಲ್ಲಿ ತರಕಾರಿ ಹೆಚ್ಚಿದ್ದು ಇದಕ್ಕಾ?"

ಕೃಷ್ಣಸ್ವಾಮಿ ಎದುರಿನ ಕಟ್ಟಡವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ವಾಸಂತಿ ಅವರ ಕೈ ಸರಿಸಿ, ಸೈರನ್ ಬಾಯಿ ತೆರೆಯುವುದರೊಳಗೆ, ಗಂಧ, ಕುಂಕುಮ, ಕಾಡಿಗೆಗಳನ್ನು ಒಂದರ ಮೇಲೊಂದು ಅಚ್ಚುಕಟ್ಟಾಗಿ ಬಳಿದರು. ಆಮೇಲೆ ಗಂಡನ ಜೇಬಿನಿಂದ ಚೀಟಿಗಳ ಕಟ್ಟು ತೆಗೆದು, ಈ ಸಲ ಹಗಲು ಬೆಳಕಿನಲ್ಲಿ, ಬಣ್ಣ ನೋಡಿಯೇ ಒಂದನ್ನು ಆರಿಸಿದರು.

ಕಾರ್ಖಾನೆಯ ಅಂಟು ಸುಲಭಕ್ಕೆ ಬಿಡುವುದಿಲ್ಲ. ಅವತ್ತು ಮಧ್ಯಾಹ್ನದವರೆಗೂ ಕೃಷ್ಣಸ್ವಾಮಿಯವರು ಕನ್ನಡಕದ ಒಂದೇ ಗಾಜಿನಿಂದ ಪೇಪರ್ ಓದುತ್ತಿದ್ದರು. ಎದುರಿನ ಕಟ್ಟಡದಲ್ಲಿ ಇಪ್ಪತ್ನಾಲ್ಕು ಜನ ಗೊರಕೆ ಹೊಡೆಯುತ್ತಿದ್ದರು. ಕಟ್ಟಡದ ಗೇಟಿನ ಮುಂದೆ ಬೈಕು ನಿಲ್ಲಿಸಿದ ಒಬ್ಬ ಅಪರಿಚಿತ ಕೃಷ್ಣಸ್ವಾಮಿಯವರನ್ನು ಕರೆದು, ಸಾರ್, ಲೈಟ್ ಆನ್ ಇದೆ ಎಂದ.